ಆರುವ ಮೊದಲೇ ಕಟ್ಟಿದ ರೊಟ್ಟಿ

ಜೈ ಜಿನೇಂದ್ರ

ಅನಗೋಳ, ಬೆಳಗಾವಿ
ಭಾದ್ರಪದ ಶುದ್ಧ ದಶಮಿ, ಮಂಗಳವಾರ
2 ಸೆಪ್ಟೆಂಬರ್ 2025

ಚಿ. ಸೌ. ತ್ರಿಶಲಾಗೆ, ನಿನ್ನ ಅತ್ತೆ ಅಕ್ಕಾತಾಯಿ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಮಾವನವರ ಮೊಣಕಾಲು ಮಳೆಗಾಲದಲ್ಲಿ ಹೇಗಿರಬೇಕೋ ಹಾಗೇ ಇದೆ. ಇಂದು ದಶಲಕ್ಷಣ ಪರ್ವದ ಆರನೇ ದಿನ. ಹತ್ತು ದಿನ ರೊಟ್ಟಿಯ ಒಲೆಗಳಿಗೆ ಬಿಡುವು, ಬಡಿಯುವ ಹೆಣ್ಣುಮಕ್ಕಳಿಗೂ ಬಿಡುವು. ನನ್ನದು ಏಕಾಶನ, ದಿನಕ್ಕೆ ಒಂದೇ ಊಟ. ಅದನ್ನು ಮುಗಿಸಿ, ತಾಟು ತೊಳೆದು ಆ ನೀರನ್ನೂ ಕುಡಿದು, ಈ ಹಾಳೆ ಹಿಡಿದು ಕುಳಿತಿದ್ದೇನೆ.

ಫೋನ್ ಮಾಡಬಹುದಿತ್ತಲ್ಲ ಎಂದು ನೀನು ಕೇಳಬಹುದು. ನಮ್ಮ ಮನೆಯಲ್ಲಿ ಫೋನಿನ ಮಾತು ಒಲೆಯ ಹೊಗೆಯ ಹಾಗೆ, ಎಲ್ಲ ಕೋಣೆಗೂ ಹೋಗುತ್ತದೆ. ಮೇಲಾಗಿ ಫೋನಿನಲ್ಲಿ ಆಡಿದ ಮಾತಿನ ಕೆಳಗೆ ಸಹಿ ಇರುವುದಿಲ್ಲ. ನಾನೀಗ ಬರೆಯಲಿರುವ ಮಾತಿಗೆ ನನ್ನ ಸಹಿ ಬೇಕು. ಮ್ಯಾಟ್ರಿಕ್‌ನಲ್ಲಿ ಕನ್ನಡಕ್ಕೆ ನನಗೆ ಎಂಬತ್ತೆರಡು ಗುಣ ಬಂದಿದ್ದವು. ಕಾಗದ ಬರೆಯಲು ಯಾರ ಸಹಾಯವೂ ಬೇಕಿಲ್ಲ. ಸುಯೋಗನ ಕೈಯಲ್ಲೂ ಇದನ್ನು ಕೊಡುತ್ತಿಲ್ಲ. ನನ್ನ ಮಗ ಪ್ರತಿ ರವಿವಾರ ಖಾನಾಪುರದಿಂದ ರೈಲಿನಲ್ಲಿ ಬಂದು, ಒಂದು ತಾಸು ಕುಳಿತು, ಅಪ್ಪನ ಜೊತೆ ತಾನು ಕಲಿಸುವ ಶಾಲೆಯ ಸುದ್ದಿ ಮಾತಾಡಿ ಹೋಗುತ್ತಾನೆ. ನಿನ್ನ ಹೆಸರನ್ನು ಅವನೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ಎರಡು ವರ್ಷದಿಂದ ತಾಯಿ ಮಗ ಈ ಒಂದು ವಿಷಯದಲ್ಲಿ ಮಾತ್ರ ಬಹಳ ಒಗ್ಗಟ್ಟಿನಿಂದ ಇದ್ದೇವೆ.

ಬರುವ ಸೋಮವಾರ ಕ್ಷಮಾವಣಿ, ಎಲ್ಲರಲ್ಲೂ ಕ್ಷಮೆ ಕೇಳುವ ದಿನ. ಕಳೆದ ಎರಡು ವರ್ಷವೂ ಆ ದಿನ ನಿನಗೆ ಮೊಬೈಲಿನಲ್ಲಿ ಸಂದೇಶ ಕಳಿಸಿದ್ದೇನೆ. ತಿಳಿದೋ ತಿಳಿಯದೆಯೋ ಆದ ತಪ್ಪುಗಳನ್ನು ಕ್ಷಮಿಸಬೇಕು ಎಂದು, ಕಮಲದ ಚಿತ್ರದ ಸಮೇತ. ಅದನ್ನೇ ನಮ್ಮ ಸಮಾಜದ ನೂರಾ ಹತ್ತು ಮಂದಿಗೂ ಕಳಿಸಿದ್ದೆ. ನೀನು ತಿರುಗಿ ಕೈಮುಗಿದ ಚಿತ್ರ ಕಳಿಸಿದೆ. ಅಲ್ಲಿಗೆ ಆಯಿತು ಎಂದುಕೊಂಡೆ. ಈ ವರ್ಷ ನಿನಗೆ ಅದನ್ನು ಕಳಿಸುವುದಿಲ್ಲ. ಅದರಲ್ಲಿ ತಿಳಿಯದೆಯೋ ಎಂಬ ಮಾತಿದೆ. ನಾನು ಮಾಡಿದ್ದು ತಿಳಿದೇ.

ಮೊದಲಿನಿಂದ ಬರೆಯುತ್ತೇನೆ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಏಕೆಂದರೆ ಮುಂದೊಂದು ದಿನ ಇದನ್ನು ಶರ್ವರಿಯೂ ಓದಬೇಕು. ಅಜ್ಜಿ ಎಂಥವಳಿದ್ದಳು ಎಂದು ಮೊಮ್ಮಗಳಿಗೆ ಬೇರೆಯವರ ಬಾಯಿಂದ ಗೊತ್ತಾಗುವುದು ನನಗೆ ಇಷ್ಟವಿಲ್ಲ.

ಮೂವತ್ತೊಂದು ವರ್ಷದ ಹಿಂದೆ ಇದೇ ಮನೆಯ ಹಿಂದಿನ ಪಡಸಾಲೆಯಲ್ಲಿ ಒಂದು ಹಂಚು ಇಟ್ಟು ನಾನೂ ಗೌರವ್ವನೂ ರೊಟ್ಟಿ ಬಡಿಯಲು ಶುರು ಮಾಡಿದೆವು. ಇಂದು ಎಂಟು ಹಂಚು, ಒಂಬತ್ತು ಹೆಣ್ಣುಮಕ್ಕಳು. ಬಿಳಿಜೋಳದ ಖಡಕ್ ರೊಟ್ಟಿ ಎಂದರೆ ಅನಗೋಳದ ಅಕ್ಕಾತಾಯಿಯದು ಎಂದು ಬೆಳಗಾವಿಯ ಪೇಟೆ ಹೇಳುತ್ತದೆ. ಪೇಟೆ ಸುಮ್ಮನೆ ಹೇಳುವುದಿಲ್ಲ. ಮೊದಲು ಗಿರಾಕಿಗಳು ಅರಿವೆ ತರುತ್ತಿದ್ದರು, ಅದರಲ್ಲೇ ಸುತ್ತಿ ಕೊಡುತ್ತಿದ್ದೆವು. ಆಮೇಲೆ ಪ್ಲಾಸ್ಟಿಕ್ ಪಾಕೀಟು ಬಂತು. ಪಾಕೀಟಿನ ಮೇಲೆ ನನ್ನ ಫೋಟೋ ಹಾಕಿಸಿದೆ. ತಲೆಯ ಮೇಲೆ ಸೆರಗು, ಮೂಗಿನಲ್ಲಿ ನತ್ತು, ಮುಖದಲ್ಲಿ ನಗು. ಶರ್ವರಿ ಎರಡು ವರ್ಷದವಳಿದ್ದಾಗ ಆ ಪಾಕೀಟಿಗೆ ಮುತ್ತು ಕೊಟ್ಟು, ಅಜ್ಜಿ ಇದರೊಳಗೆ ಇದ್ದಾಳೆ ಎನ್ನುತ್ತಿದ್ದಳು. ನನಗೂ ಹಾಗೇ ಅನಿಸುತ್ತಿತ್ತು.

ನೀನು ಈ ಮನೆಗೆ ಸೊಸೆಯಾಗಿ ಬಂದ ಕೆಲವು ವರ್ಷಕ್ಕೆ ಆ ಪಾಕೀಟು ಬೇಡ ಎಂದೆ. ನಿನ್ನ ತವರು ಖಾನಾಪುರದಲ್ಲಿ ಸತ್ಯವ್ವ ಎಂಬವಳು ಆರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಮುತ್ತಲ ಎಲೆಯ ಪತ್ರಾವಳಿ ಮಾಡುತ್ತಾಳೆಂದು ಹೇಳಿದೆ. ಅವಳಿಂದ ದುಂಡನೆಯ ಪೆಟ್ಟಿಗೆಯೊಂದನ್ನು ಮಾಡಿಸಿ ತಂದು ನನ್ನ ಮುಂದಿಟ್ಟೆ. ದಪ್ಪ ರಟ್ಟಿನ ಎರಡೂ ಮೈಗೆ ಒಣ ಎಲೆ ಹಾಸಿ, ಜೋಳದ ಗಂಜಿಯಿಂದ ಅಂಟಿಸಿ, ಬಿಸಿ ಅಚ್ಚಿನಲ್ಲಿ ಒತ್ತಿದ ಪೆಟ್ಟಿಗೆ. ರೊಟ್ಟಿಯ ಅಳತೆಗೆ ಸರಿಯಾಗಿತ್ತು. ನಾನು ಎರಡು ತಕರಾರು ತೆಗೆದೆ. ಎಲೆಗೂ ಜೀವವಿದೆ, ಚಾತುರ್ಮಾಸದಲ್ಲಿ ಹಸಿರು ಕೀಳಬಾರದು ಎಂದೆ. ಮಳೆಗಾಲದ ನಾಲ್ಕು ತಿಂಗಳು ಒಂದು ಎಲೆಯನ್ನೂ ಕೀಳುವುದಿಲ್ಲ, ಬೇಸಿಗೆಯಲ್ಲೇ ಒಣಗಿಸಿಟ್ಟದ್ದನ್ನು ಬಳಸುತ್ತೇವೆ ಎಂದು ನೀನು ಮೊದಲೇ ಸತ್ಯವ್ವನಿಂದ ಮಾತು ತೆಗೆದುಕೊಂಡು ಬಂದಿದ್ದೆ. ಎರಡನೆಯದು, ಅನ್ನ ಕೆಟ್ಟರೆ ಆ ಪಾಪ ಪ್ಲಾಸ್ಟಿಕ್ಕಿನ ಪಾಪಕ್ಕಿಂತ ದೊಡ್ಡದು ಎಂದೆ. ಈ ಮಾತು ಇವತ್ತಿಗೂ ತಪ್ಪೆಂದು ನನಗೆ ಅನಿಸುವುದಿಲ್ಲ. ತಾಟು ತೊಳೆದ ನೀರನ್ನೂ ಚೆಲ್ಲದ ಮನೆ ನಮ್ಮದು.

ಅದಕ್ಕೂ ನಿನ್ನಲ್ಲಿ ಉತ್ತರವಿತ್ತು. ಪಾಕೀಟಿನಲ್ಲಿ ಹೋದ ರೊಟ್ಟಿ ಅಂಗಡಿ ಮುಟ್ಟುವುದರೊಳಗೆ ನೂರಕ್ಕೆ ಹದಿನೈದು ಮುರಿಯುತ್ತಿದ್ದವು. ಆ ಮುರುಕನ್ನು ಅಂಗಡಿಯವರು ಏನು ಮಾಡುತ್ತಾರೆ ಎಂದು ನಾನು ಮೂವತ್ತು ವರ್ಷದಲ್ಲಿ ಒಂದು ಸಲವೂ ಕೇಳಿರಲಿಲ್ಲ. ನೀನು ಹೋಗಿ ನೋಡಿ ಬಂದೆ. ಕಸದ ಗಾಡಿಗೆ ಸುರಿಯುತ್ತಾರೆ ಅತ್ತಿ ಎಂದೆ. ಗಟ್ಟಿ ಪೆಟ್ಟಿಗೆಯಲ್ಲಾದರೆ ಮುರಿಯುವುದಿಲ್ಲ ಎಂದೆ. ನಾನು ಒಪ್ಪಿದೆ. ಮನಸ್ಸಿನಿಂದ ಒಪ್ಪಿದೆನೋ ಇಲ್ಲವೋ, ಬಾಯಿಂದ ಒಪ್ಪಿದೆ.

ಮೊದಲ ಆರ್ಡರ್ ಭರಮಣ್ಣನದು. ರವಿವಾರ ಪೇಟೆಯಲ್ಲಿ ಕಿರಾಣಿ ಅಂಗಡಿಯಿಟ್ಟು, ಮೊದಲ ದಿನದಿಂದ ನಮ್ಮ ರೊಟ್ಟಿ ಮಾರಿದ ಮನುಷ್ಯ. ಎರಡು ವರ್ಷದ ಹಿಂದಿನ ಶ್ರಾವಣದಲ್ಲಿ ನೂರಾ ಇಪ್ಪತ್ತು ಪೆಟ್ಟಿಗೆ ಕೇಳಿದ, ಪೆಟ್ಟಿಗೆಗೆ ಹತ್ತು ರೊಟ್ಟಿ. ಪೆಟ್ಟಿಗೆಗಳು ಬಂದ ಮೇಲೆ, ರೊಟ್ಟಿ ಕಟ್ಟುವ ದಿನ, ನೀನು ಸತ್ಯವ್ವನ ಹತ್ತಿರ ಮುಂದಿನ ಪೆಟ್ಟಿಗೆಗಳ ಮಾತು ಮುಗಿಸಿ ಬರಲು ಖಾನಾಪುರಕ್ಕೆ ಹೋದೆ. ಹೋಗುವಾಗ ಹೆಣ್ಣುಮಕ್ಕಳಿಗೆಲ್ಲ ಹೇಳಿ ಹೋದೆ, ಹಂಚಿನಿಂದ ಇಳಿದ ರೊಟ್ಟಿ ತೆಳು ಅರಿವೆಯ ಕೆಳಗೆ ಮೂರು ತಾಸು ಆರಬೇಕು, ಆಮೇಲೇ ಮುಚ್ಚಳ ಹಾಕಬೇಕು ಎಂದು. ಆ ಮೂರು ತಾಸಿನ ನಿಯಮ ಈ ಮನೆಗೆ ಬಂದ ಹೊಸದರಲ್ಲಿ ನಿನಗೆ ಕಲಿಸಿದವಳು ನಾನೇ.

ಅಂದು ಮೋಡ ಕವಿದಿತ್ತು. ನಮ್ಮ ಮನೆಯಲ್ಲಿ ಸೂರ್ಯ ಮುಳುಗಿದ ಮೇಲೆ ಊಟವಿಲ್ಲ, ಒಲೆಯಿಲ್ಲ. ಕತ್ತಲಲ್ಲಿ ಹುಳ ಹುಪ್ಪಡಿ ಬಿದ್ದು ಸಾಯುತ್ತವೆಂದು ತಿನ್ನುವ ಪದಾರ್ಥವನ್ನು ತೆರೆದಿಡುವುದೂ ಇಲ್ಲ. ಬೆಳಗಿನ ರೊಟ್ಟಿಗಳು ಆರಿದ್ದವು, ಮಧ್ಯಾಹ್ನದವು ಆರಿರಲಿಲ್ಲ. ದಿನ ಇಳಿಯಿತು, ಎಲ್ಲವನ್ನೂ ಕೂಡಿಸಿ ಕಟ್ಟು ಎಂದು ಗೌರವ್ವನಿಗೆ ಹೇಳಿದೆ. ಅವಳು ಒಂದು ರೊಟ್ಟಿಯ ಮೇಲೆ ಅಂಗೈ ಇಟ್ಟು ನೋಡಿದಳು.

“ಅಕ್ಕಾರ, ಇನ್ನೂ ಕೈಗೆ ಬೆಚ್ಚಗ ಹತ್ತತಾವ್ರಿ.”

“ಕತ್ತಲಾಕ್ಕೇತಿ. ಕಟ್ಟ.”

ಅಷ್ಟೇ ನಡೆದದ್ದು. ಗೌರವ್ವ ಕಟ್ಟಿದಳು, ಉಳಿದವರು ಕಟ್ಟಿದರು. ನೀನು ಬರುವ ಹೊತ್ತಿಗೆ ನೂರಾ ಇಪ್ಪತ್ತು ಪೆಟ್ಟಿಗೆ ಗೋಡೆಯುದ್ದಕ್ಕೆ ಸಾಲಾಗಿ ಕುಳಿತಿದ್ದವು. ನಿನ್ನ ಮುಖ ಅರಳಿತು. ಎಲ್ಲ ಆರಿದ್ದವಲ್ಲ ಅತ್ತಿ ಎಂದು ಕೇಳಿದೆ. ಆರಿದ್ದವು ಎಂದೆ.

ಎಂಟನೇ ದಿನ ಭರಮಣ್ಣ ಅಷ್ಟೂ ಪೆಟ್ಟಿಗೆಗಳನ್ನು ಟೆಂಪೋದಲ್ಲಿ ತುಂಬಿಕೊಂಡು ಅಂಗಳಕ್ಕೆ ಬಂದ. ಒಂಬತ್ತು ಹೆಣ್ಣುಮಕ್ಕಳು, ಓಣಿಯ ನಾಲ್ಕು ಜನ, ನಿನ್ನ ಮಾವನವರು, ಸುಯೋಗ, ಎಲ್ಲರ ಎದುರು ಮುಚ್ಚಳ ತೆಗೆದ. ಹಸಿರು ಬೂಷ್ಟು. ಇನ್ನೊಂದು ತೆಗೆದ, ಅದರಲ್ಲೂ ಬೂಷ್ಟು. ಅವನು ಹೆಚ್ಚು ಮಾತಾಡುವ ಮನುಷ್ಯನಲ್ಲ, ನನ್ನ ಕಡೆ ನೋಡಿದ. ಆಗ ನಾನು ಆಡಿದ ಮಾತನ್ನು ಇಲ್ಲಿ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ, ಬರೆಯಲು ಕೈ ಬಾರದಿದ್ದರೂ.

“ಎಲಿಯೊಳಗ ರೊಟ್ಟಿ ಕಟ್ಟಿದ್ರ ಇನ್ನೇನಾಕ್ಕೇತಿ? ಸಾವಿರದ ಇನ್ನೂರು ರೊಟ್ಟಿ. ಈ ಪಾಪ ನಮ್ಮ ಸೊಸಿ ತಲಿಮ್ಯಾಲೆ.”

ನೀನು ತುಟಿ ಬಿಚ್ಚಲಿಲ್ಲ. ಬೂಷ್ಟು ಹಿಡಿದದ್ದನ್ನು ನಾವು ದನಕ್ಕೂ ಹಾಕುವುದಿಲ್ಲ, ಬೆಂಕಿಗೂ ಹಾಕುವುದಿಲ್ಲ, ಅದರೊಳಗೆ ಜೀವವಿದೆ. ಹಿತ್ತಲ ನುಗ್ಗೆಗಿಡದ ನೆರಳಿಗೆ ಬುಟ್ಟಿಯ ಮೇಲೆ ಬುಟ್ಟಿ ಹೊತ್ತು, ತುಳಿಯದ ಜಾಗ ನೋಡಿ, ಪೆಟ್ಟಿಗೆ ಸಮೇತ ನೀನೊಬ್ಬಳೇ ಇಟ್ಟು ಬಂದೆ. ಅರ್ಧ ದಿನ ಹಿಡಿಯಿತು. ಯಾರೂ ಸಹಾಯಕ್ಕೆ ಹೋಗಬಾರದು ಎಂದು ನಾನು ಕಣ್ಣಿನಲ್ಲೇ ಹೇಳಿದ್ದೆ.

ಮುಂದಿನ ತಿಂಗಳು ಸುಯೋಗ ತನ್ನ ಶಾಲೆಗೆ ಹತ್ತಿರವಾಗುತ್ತದೆ ಎಂಬ ನೆವ ಹೇಳಿ ಖಾನಾಪುರದಲ್ಲಿ ಬಾಡಿಗೆ ಮನೆ ಹಿಡಿದ. ಹೋಗುವ ದಿನ ನೀನು ಕಾಲಿಗೆ ನಮಸ್ಕರಿಸಿ, ಒಂದು ಖಾಲಿ ಪೆಟ್ಟಿಗೆಯನ್ನು ಅಡುಗೆಮನೆಯ ಕಪಾಟಿನಲ್ಲಿ ಇಟ್ಟೆ. “ಇದು ಖಾಲಿ ಐತ್ರಿ ಅತ್ತಿ. ನಿಮಗ ಬೇಕನಿಸಿದಾಗ ತುಂಬರಿ” ಎಂದೆ. ಅದನ್ನು ಚುಚ್ಚು ಮಾತೆಂದು ತಿಳಿದೆ. ಆದರೂ ಪೆಟ್ಟಿಗೆಯನ್ನು ಎಸೆಯಲಿಲ್ಲ. ಕಪಾಟು ಒರೆಸುವಾಗ ಅದನ್ನೂ ಒರೆಸುತ್ತಿದ್ದೆ.

ಆ ಮೇಲೆ ನಾವು ಪಾಕೀಟಿಗೇ ತಿರುಗಿದೆವು. ನನ್ನ ಕೆಲಸ ಸಸೂತ್ರ ನಡೆಯಿತು, ನನಗೆ ನಿದ್ದೆಯೂ ಬರುತ್ತಿತ್ತು. ಸುಳ್ಳು ಬರೆಯುವುದಿಲ್ಲ.

ಈ ಜೂನ್ ತಿಂಗಳ ಮಳೆಗೆ ನಮ್ಮ ಓಣಿಯ ಗಟಾರ ಕಟ್ಟಿ ನೀರು ಕಟ್ಟೆಯ ತನಕ ಬಂತು. ಮಹಾನಗರ ಪಾಲಿಕೆಯ ಹೆಣ್ಣುಮಗಳೊಬ್ಬಳು ಸಲಿಕೆಯಿಂದ ಎಳೆದೆಳೆದು ಕಸವನ್ನು ದಂಡೆಗೆ ಹಾಕುತ್ತಿದ್ದಳು. ನಾನು ಛತ್ರಿ ಹಿಡಿದು ನಿಂತು, ಇಲ್ಲಿ ತೆಗಿ ಅಲ್ಲಿ ತೆಗಿ ಎಂದು ಹೇಳುತ್ತಿದ್ದೆ. ಗಟಾರದಿಂದ ಬಂದದ್ದು ನಾನೇ. ಒಂದರ ಮೇಲೊಂದು ಹದಿನೇಳು ಅಕ್ಕಾತಾಯಿಯರು, ಕೆಸರಿನಲ್ಲಿ ಮಲಗಿ ಆಕಾಶ ನೋಡಿ ನಗುತ್ತಿದ್ದರು. ಆ ಹೆಣ್ಣುಮಗಳು ಒಮ್ಮೆ ಪಾಕೀಟು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು, ಮತ್ತೆ ಸಲಿಕೆ ಹಿಡಿದಳು. ಒಂದು ಮಾತು ಅಂದಿದ್ದರೆ ನಾನೂ ಏನಾದರೂ ಅನ್ನಬಹುದಿತ್ತು. ನಿನ್ನ ಮಾವನವರು ಮಾತ್ರ ಕಟ್ಟೆಯ ಮೇಲಿನಿಂದ, “ಭಾರಿ ಗಟ್ಟಿ ಮಾಲ್ ಬಿಡ. ಗಟಾರದಾಗ ಬಿದ್ರೂ ನತ್ತಿನ ಹೊಳಪು ಹೋಗಿಲ್ಲ ನೋಡ” ಎಂದರು. ಅಂದು ಅವರಿಗೆ ಎರಡನೇ ಸಲದ ಚಹಾ ಸಿಗಲಿಲ್ಲ.

ಮಳೆ ನಿಂತ ಮೇಲೆ ಹಿತ್ತಲಿಗೆ ಹೋದೆ. ಎರಡು ವರ್ಷ ಆ ನುಗ್ಗೆಗಿಡದ ಕಡೆ ನಾನು ತಿರುಗಿರಲಿಲ್ಲ. ರೊಟ್ಟಿಯೂ ಇಲ್ಲ, ಪೆಟ್ಟಿಗೆಯೂ ಇಲ್ಲ. ಕರಿ ಮಣ್ಣು, ಅಷ್ಟೇ. ಬೆರಳಿನಿಂದ ಮುಟ್ಟಿ ನೋಡಿದರೆ ಮೆತ್ತಗಿತ್ತು.

ಜುಲೈನಲ್ಲಿ ಒಂದು ಮುಂಜಾನೆ ಬಾಗಿಲಿಗೆ ಒಬ್ಬ ಹೆಣ್ಣುಮಗಳು ಬಂದಳು. ತಲೆಯ ಮೇಲೆ ಚೀಲ. ಮುತ್ತಲ ಎಲೆಯ ಪೆಟ್ಟಿಗೆ ಬೇಕೇನ್ರಿ ಎಂದಳು. ಕನ್ನಡದ ನಡುನಡುವೆ ಮರಾಠಿ ಬರುತ್ತಿತ್ತು. ಹೆಸರು ಕೇಳಿದೆ. ಸತ್ಯವ್ವ ಎಂದಳು. ಒಳಗೆ ಕರೆದು ಕೂರಿಸಿದೆ. ಕೆಲಸ ಹೇಗಿದೆ ಎಂದು ಕೇಳಿದೆ. ಆರರಲ್ಲಿ ನಾಲ್ಕು ಹೆಣ್ಣುಮಕ್ಕಳು ಬಿಟ್ಟು ಹೋದರಂತೆ. ಖಾನಾಪುರದಲ್ಲಿ ಅಷ್ಟಿಷ್ಟು ಹೋಗುತ್ತದೆ, ಬೆಳಗಾವಿಯಲ್ಲಿ ಮಾತ್ರ ಒಬ್ಬ ಅಂಗಡಿಯವನೂ ಮುಟ್ಟುವುದಿಲ್ಲವಂತೆ.

“ಅನಗೋಳದಾಗ ಯಾರೋ ಮುದುಕಿ ಅಂತ್ರಿ. ಎಲಿ ಪೆಟಿಗಿಗೆ ಬೂಷ್ಟ ಹಿಡಿತೈತಿ ಅಂತ ಪ್ಯಾಟಿ ತುಂಬ ಮಾತ ಹಬ್ಬೈತಿ. ನಮ್ಮ ತ್ರಿಶಲಾ ಅಕ್ಕನ ಕೇಳಿದ್ರ ಹೆಸರ ಹೇಳವಲ್ರು. ಕಟ್ಟೂದರಾಗ ನಮ್ಮದ ತಪ್ಪಾಗಿತ್ತು ಸತ್ಯವ್ವ, ಯಾರನೂ ಅನಬ್ಯಾಡ ಅಂತಾರು.”

ನಾನು ಮೂವತ್ತು ಪೆಟ್ಟಿಗೆ ತೆಗೆದುಕೊಂಡೆ. ಎದ್ದು ಹೋಗುವಾಗ ಅವಳು ಬಾಗಿಲಲ್ಲಿ ನಿಂತು, ನಿಮ್ಮ ಮಾರಿ ಎಲ್ಲೋ ನೋಡಿದಂಗ ಐತಲ್ರಿ ಎಂದಳು. ಸಂತೆಯಲ್ಲಿ ನೋಡಿರಬೇಕು ಎಂದೆ.

ನಮ್ಮದೇ ತಪ್ಪಾಗಿತ್ತು. ಈ ಮಾತನ್ನು ನೀನು ಯಾಕೆ ಆಡಿದೆ ಎಂದು ಆ ದಿನವೆಲ್ಲ ಯೋಚಿಸಿದೆ. ಮರುದಿನ ಗೌರವ್ವನನ್ನು ಹಿತ್ತಲಿಗೆ ಕರೆದು, ಅಂದು ಬೆಚ್ಚಗೆ ಕಟ್ಟಿದ್ದನ್ನು ಯಾರಿಗಾದರೂ ಹೇಳಿದ್ದೆಯಾ ಎಂದು ಕೇಳಿದೆ. ಅವಳು ಸೆರಗಿನ ಅಂಚನ್ನು ತಿರುವುತ್ತ ನಿಂತಳು. ಅಂದು ಸಂಜೆಯೇ ತ್ರಿಶಲಾ ಅಕ್ಕಗೆ ಹೇಳಿದ್ದೆ, ಅದಕ್ಕೆ ಅವರು ಅತ್ತಿ ಆರಿದ್ದವು ಅಂದಾರಲ್ಲ ಗೌರವ್ವ, ಆರಿರಬೇಕು ಬಿಡು ಎಂದರು, ಎಂದಳು.

ಅಂದರೆ ನಿನಗೆ ಗೊತ್ತಿತ್ತು. ಅಂಗಳದಲ್ಲಿ ನಾನು ಪಾಪವನ್ನು ನಿನ್ನ ತಲೆಗೆ ಕಟ್ಟುವಾಗ, ಒಂದು ಮಾತಿನಲ್ಲಿ ನನ್ನ ಬಾಯಿ ಮುಚ್ಚಿಸಬಹುದಿತ್ತು, ಗೌರವ್ವನ ಸಾಕ್ಷಿಯೂ ಇತ್ತು. ಭರಮಣ್ಣನ ಎದುರು ಅತ್ತೆಯ ಮುಖ ಉಳಿಯಲಿ ಎಂದು ಸುಮ್ಮನಿದ್ದೆ. ಆಮೇಲೆ ಎರಡು ವರ್ಷ, ಅನ್ನ ಕಳೆದುಕೊಂಡ ಸತ್ಯವ್ವನ ಹೆಣ್ಣುಮಕ್ಕಳ ಎದುರೂ ಸುಮ್ಮನಿದ್ದೆ. ತ್ರಿಶಲಾ, ನಾನು ಬೈಗುಳ ತಡೆದುಕೊಳ್ಳಬಲ್ಲೆ. ಇದನ್ನು ತಡೆದುಕೊಳ್ಳುವುದು ನನಗೆ ಕಷ್ಟವಾಗಿದೆ.

ಆದರೂ ಕಣ್ಣಾರೆ ನೋಡದೆ ಯಾವುದನ್ನೂ ಒಪ್ಪುವವಳಲ್ಲ ನಾನು. ನಾಲ್ಕು ಕಟ್ಟು ಮಾಡಿದೆ. ಬೆಚ್ಚಗಿನ ರೊಟ್ಟಿ ಎಲೆಯ ಪೆಟ್ಟಿಗೆಯಲ್ಲಿ, ಬೆಚ್ಚಗಿನದೇ ಪ್ಲಾಸ್ಟಿಕ್ಕಿನಲ್ಲಿ, ಆರಿದ್ದು ಎಲೆಯಲ್ಲಿ, ಆರಿದ್ದು ಪ್ಲಾಸ್ಟಿಕ್ಕಿನಲ್ಲಿ. ಬೆಚ್ಚಗಿನವು ಕೆಡುತ್ತವೆಂದು ಗೊತ್ತಿದ್ದರಿಂದ ಅವನ್ನು ಎರಡೆರಡೇ ಇಟ್ಟೆ. ಪಂಚಾಂಗದ ಮಗ್ಗುಲಲ್ಲಿ ತಾರೀಖು ಬರೆಯುತ್ತ ಹೋದೆ. ಬೆಚ್ಚಗಿನ ಪ್ಲಾಸ್ಟಿಕ್ ಪಾಕೀಟು ಒಳಗೇ ಬೆವೆತು ನಾಲ್ಕನೇ ದಿನಕ್ಕೆ ಬೂಷ್ಟು ಹಿಡಿಯಿತು. ಬೆಚ್ಚಗಿನ ಎಲೆಯ ಪೆಟ್ಟಿಗೆ ಏಳನೇ ದಿನಕ್ಕೆ. ನಾವು ಬೈದ ಪೆಟ್ಟಿಗೆಯೇ ಮೂರು ದಿನ ಹೆಚ್ಚು ತಾಳಿತು. ಕೆಟ್ಟ ನಾಲ್ಕು ರೊಟ್ಟಿಗೆ ಪ್ರಾಯಶ್ಚಿತ್ತವೆಂದು ನಾಲ್ಕು ದಿನ ರೊಟ್ಟಿ ಬಿಟ್ಟೆ.

ಆರಿಸಿ ಎಲೆಯಲ್ಲಿಟ್ಟದ್ದು, ಹೊರಗೆ ಜಿಟಿಜಿಟಿ ಮಳೆಯಿದ್ದರೂ, ಮೂರು ವಾರ ಖಡಕ್ಕಾಗಿಯೇ ಇತ್ತು. ಇಪ್ಪತ್ತೈದನೇ ದಿನ ಸ್ವಲ್ಪ ಮೆತ್ತಗಾಯಿತು. ಹಂಚಿನ ಮೇಲೆ ಎರಡು ನಿಮಿಷ ಇಟ್ಟರೆ ಮತ್ತೆ ಮೊದಲಿನಂತೆ. ಆರಿಸಿ ಪ್ಲಾಸ್ಟಿಕ್ಕಿನಲ್ಲಿಟ್ಟದ್ದು ನಲವತ್ತನೇ ದಿನವೂ ಖಡಕ್ ಇತ್ತು. ಅದನ್ನು ಮುಚ್ಚಿಡುವುದಿಲ್ಲ, ಪ್ಲಾಸ್ಟಿಕ್ ತನ್ನ ಕೆಲಸ ಬಲ್ಲದು. ಆದರೆ ಖಡಕ್ ರೊಟ್ಟಿಯನ್ನು ನಲವತ್ತು ದಿನ ಯಾರು ಉಳಿಸಿಕೊಳ್ಳುತ್ತಾರೆ? ರೊಟ್ಟಿ ತಿಂದು ಮುಗಿಯುತ್ತದೆ. ಪಾಕೀಟು ಮಾತ್ರ ನನ್ನ ಮುಖ ಹೊತ್ತುಕೊಂಡು, ಶರ್ವರಿಯ ಮಕ್ಕಳ ಕಾಲಕ್ಕೂ ಯಾವುದೋ ಗಟಾರದಲ್ಲಿ ನಗುತ್ತಿರುತ್ತದೆ. ಅಷ್ಟು ದಿನ ಬಾಳುವ ಆಸೆ ನನಗಿಲ್ಲ.

ಸತ್ಯವ್ವ ಆಗಸ್ಟ್ ತುಂಬ ವಾರಕ್ಕೊಮ್ಮೆ ಬರುತ್ತಿದ್ದಳು. ಕಳೆದ ವಾರ ಅವಳಿಗೆ ಹೇಳಿದೆ, ನೀನು ಹೇಳಿದ ಆ ಮುದುಕಿ ನಾನೇ ಎಂದು. ಅವಳು ಚಹಾದ ಬಟ್ಟಲನ್ನು ಕೆಳಗಿಡಲೂ ಇಲ್ಲ.

“ಗೊತ್ತೈತ್ರಿ. ಪಾಕೀಟಿನ ಮ್ಯಾಲಿನ ಮಾರಿ ಮರೀತೀನೇನ್ರಿ? ಎರಡನೇ ಸಲ ಬಂದಾಗನ ಗೊತ್ತಾತು. ನೀವ ಯಾವಾಗ ಹೇಳ್ತೀರಿ ಅಂತ ಕಾಯಾಕತ್ತಿದ್ದೆ.”

ಇಷ್ಟು ದಿನ ಯಾಕೆ ಸುಮ್ಮನೆ ಬರುತ್ತಿದ್ದೆ ಎಂದು ಕೇಳಿದೆ. ಚಹಾ ಛಲೋ ಇರತೈತ್ರಿ ಎಂದಳು. ಈ ಹೆಂಗಸು ನನಗೆ ಹಿಡಿಸಿದ್ದಾಳೆ. ಈ ಕಾಗದವನ್ನು ನಾಳೆ ಅವಳ ಕೈಯಲ್ಲೇ ಕೊಡುತ್ತೇನೆ. ನಿನಗೆ ಏನೂ ಹೇಳಬಾರದು, ನಾನೇ ಹೇಳುತ್ತೇನೆ ಎಂದು ಅವಳಿಂದ ಆಣೆ ತೆಗೆದುಕೊಂಡಿದ್ದೇನೆ.

ಕಾಗದದ ಜೊತೆ ಒಂದು ಪೆಟ್ಟಿಗೆ ಬರುತ್ತದೆ. ನೀನು ಕಪಾಟಿನಲ್ಲಿ ಇಟ್ಟು ಹೋದದ್ದೇ. ಒಳಗೆ ಹತ್ತು ರೊಟ್ಟಿ, ಮುಚ್ಚಳದ ಮೇಲೆ ತಾರೀಖು ಬರೆದಿದ್ದೇನೆ, ಆಗಸ್ಟ್ 12. ಇಂದಿಗೆ ಇಪ್ಪತ್ತೊಂದು ದಿನ. ಒಂದನ್ನು ಮುರಿದು ಸಪ್ಪಳ ಕೇಳು. ಶರ್ವರಿಗೂ ಕೇಳಿಸು.

ಈಗ ಮುಂದಿನ ಮಾತು. ಇನ್ನು ಮೇಲೆ ಈ ಮನೆಯಲ್ಲಿ ಮಧ್ಯಾಹ್ನ ಹನ್ನೆರಡರ ನಂತರ ಹಂಚು ಇಡುವುದಿಲ್ಲ. ಆಗ ಮೂರು ತಾಸು ಆರಿಸಿದರೂ, ನಿಧಾನವಾಗಿ ಕಟ್ಟಿದರೂ ಸೂರ್ಯ ಇರುತ್ತಾನೆ. ರೊಟ್ಟಿ ಕಡಿಮೆಯಾಗುತ್ತವೆ, ಆಗಲಿ. ಭರಮಣ್ಣನಿಗೆ ಹೆಚ್ಚು ಬೇಕೆಂದರೆ ಅವನ ಹೆಂಡತಿ ಬಡಿದು ಕೊಡಲಿ. ಹತ್ತರ ಜೊತೆ ಐದು ರೊಟ್ಟಿಯ ಸಣ್ಣ ಪೆಟ್ಟಿಗೆಯೂ ಬೇಕು; ಇಬ್ಬರೇ ಇರುವ ಮನೆಯಲ್ಲಿ ಹತ್ತು ರೊಟ್ಟಿ ಉಳಿದು ಹಾಳಾಗುತ್ತವೆ. ಮುಚ್ಚಳದ ಮೇಲೆ ಕಟ್ಟಿದ ದಿನ, ಇಪ್ಪತ್ತು ದಿನದೊಳಗೆ ಉಣ್ಣಿರಿ ಎಂಬ ಮಾತು, ಇವೆರಡು ಸಾಕು. ನನ್ನ ಫೋಟೋ ಬೇಡ. ಬಿಟ್ಟು ಹೋದ ನಾಲ್ಕು ಹೆಣ್ಣುಮಕ್ಕಳನ್ನು ಸತ್ಯವ್ವ ತಿರುಗಿ ಕರೆಸಲಿ. ಕಟ್ಟುವ ಕೆಲಸದ ಯಜಮಾನಿಕೆ ನಿನ್ನದು. ಆರಿದೆಯೋ ಇಲ್ಲವೋ ಎಂದು ನೀನು ಕೈಯಿಟ್ಟು ಹೇಳುವ ತನಕ ಯಾರೂ ಮುಚ್ಚಳ ಹಾಕಬಾರದು, ನಾನೂ ಕೂಡ. ಖಾನಾಪುರದ ಮನೆ ಬಿಟ್ಟು ಬಾ ಎಂದು ನಾನು ಕೇಳುತ್ತಿಲ್ಲ. ವಾರಕ್ಕೆ ನಾಲ್ಕು ದಿನ ಬಂದರೆ ಸಾಕು. ಬೆಳಗಿನ ರೈಲಿದೆ, ನಿನಗೆ ರೈಲು ಹೊಸದಲ್ಲ.

ಬರುವ ಸೋಮವಾರ ಒಲೆಗಳನ್ನು ಮತ್ತೆ ಹಚ್ಚುತ್ತೇವೆ. ಒಂಬತ್ತೂ ಹೆಣ್ಣುಮಕ್ಕಳು ಬರುತ್ತಾರೆ. ಹೊಸ ಪೆಟ್ಟಿಗೆಯ ಮಾತಿದೆ ಎಂದು ಭರಮಣ್ಣನನ್ನೂ ಕರೆದಿದ್ದೇನೆ. ಓಣಿಯವರು ಕರೆಯದೆಯೂ ಬರುತ್ತಾರೆ. ಅಂಗಳದಲ್ಲಿ ಆಡಿದ ಮಾತನ್ನು ಅಡುಗೆಮನೆಯಲ್ಲಿ ಹಿಂದಕ್ಕೆ ತೆಗೆದುಕೊಂಡರೆ ನಡೆಯುವುದಿಲ್ಲ, ಅದೇ ಅಂಗಳದಲ್ಲೇ ತೆಗೆದುಕೊಳ್ಳುತ್ತೇನೆ. ಬೂಷ್ಟು ಬಂದದ್ದು ಎಲೆಯಿಂದಲ್ಲ, ಸೊಸೆಯಿಂದಲ್ಲ, ಆರದ ರೊಟ್ಟಿಯನ್ನು ನಾನು ಕಟ್ಟಿಸಿದ್ದರಿಂದ ಎಂದು ಭರಮಣ್ಣನ ಮುಖ ನೋಡಿ ಹೇಳುತ್ತೇನೆ. ನೀನು ಬಂದರೂ ಹೇಳುತ್ತೇನೆ, ಬರದಿದ್ದರೂ ಹೇಳುತ್ತೇನೆ. ಬರುವುದಾದರೆ ಸುಯೋಗ ಒಂದು ದಿನ ರಜೆ ಹಾಕಲಿ, ಶರ್ವರಿಯೂ ಒಂದು ದಿನ ಶಾಲೆ ತಪ್ಪಿಸಲಿ. ರೈಲು ದೇಸೂರ ದಾಟಿದ ಮೇಲೆ ಫೋನ್ ಮಾಡಿರಿ, ನಿನ್ನ ಮಾವನವರು ಸ್ಟೇಷನ್ನಿಗೆ ರಿಕ್ಷಾ ತರುತ್ತಾರೆ. ಮೊಣಕಾಲಿನ ಚಿಂತೆ ಬೇಡ, ಈ ಕೆಲಸಕ್ಕೆ ಅವರು ಓಡುತ್ತಾರೆ.

ನನ್ನ ಕ್ಷಮಾವಣಿ ಈ ಸಲ ನೂರಾ ಹತ್ತು ಮಂದಿಗಲ್ಲ. ನಿನಗೊಬ್ಬಳಿಗೆ.

ನನ್ನ ಕೈಬರಹ, ನನ್ನ ಸಹಿ,
ನಿನ್ನ ಅತ್ತೆ
ಅಕ್ಕಾತಾಯಿ ಜಿನಪ್ಪ

ತಾ.ಕ.: ಲಕೋಟೆಗೆ ಅಂಟು ಹಚ್ಚಿ, ಮತ್ತೆ ಬಿಚ್ಚಿದ್ದೇನೆ. ದಿನ ಇಳಿಯಿತು ಎಂದು ಗೌರವ್ವನಿಗೆ ಹೇಳಿದೆ ಎಂದು ಮೇಲೆ ಬರೆದಿದ್ದೇನೆ. ಹಾಗೆ ಹೇಳಿದ್ದು ಖರೆ. ಆದರೆ ದಿನ ಇಳಿದಿರಲಿಲ್ಲ. ಕೊನೆಯ ರೊಟ್ಟಿ ಹಂಚಿನಿಂದ ಇಳಿದಾಗ ಗಡಿಯಾರದಲ್ಲಿ ಮೂರೂ ಕಾಲು. ಪಂಚಾಂಗದ ಪ್ರಕಾರ ಸೂರ್ಯ ಮುಳುಗಲು ಮೂರೂವರೆ ತಾಸು ಬಾಕಿಯಿತ್ತು, ಆರಲು ಬೇಕಾದ ಮೂರು ತಾಸು ಅದರಲ್ಲಿ ಹಿಡಿಸುತ್ತಿತ್ತು. ಮೋಡವಿದ್ದದ್ದರಿಂದ ಯಾರೂ ಕೇಳಲಿಲ್ಲ. ಅದಕ್ಕೆ ಸ್ವಲ್ಪ ಮುಂಚೆ ಭರಮಣ್ಣನ ಫೋನ್ ಬಂದಿತ್ತು, ಐದು ಗಂಟೆಗೆ ಪೆಟ್ಟಿಗೆ ನೋಡಲು ಬರುತ್ತೇನೆ ಎಂದು. ಅಷ್ಟು ವರ್ಷ ಅವನು ಫೋನ್ ಮಾಡಿದಾಗೆಲ್ಲ ಮೊದಲು ಕೇಳುತ್ತಿದ್ದದ್ದು, ಅಕ್ಕಾರ ಅದಾರೇನ್ರಿ ಎಂದು. ಅಂದು ನನ್ನ ದನಿ ಗುರುತು ಹಿಡಿದೂ, “ಸೊಸಿಯವ್ರ ಅದಾರೇನ್ರಿ” ಎಂದ. ನೀನು ತಿರುಗಿ ಬರುವುದು ಐದೂವರೆಗೆ. ಅವನು ಬಂದಾಗ ಎಲ್ಲ ಪೆಟ್ಟಿಗೆ ಕಟ್ಟಿ ಮುಗಿದಿರಬೇಕು, ನಾನೊಬ್ಬಳೇ ಎದುರಿಗೆ ನಿಂತಿರಬೇಕು ಎನಿಸಿತು. ಧರ್ಮದ ಮಾತು ನಾನು ಆಮೇಲೆ ಹುಡುಕಿದ್ದು. ಬೆಚ್ಚಗೆ ಕಟ್ಟಿಸಿದ್ದನ್ನು ಸೋಮವಾರ ನೀನು ಬರದಿದ್ದರೂ ಹೇಳುತ್ತೇನೆ. ಈ ಫೋನಿನ ಮಾತನ್ನು ನೀನು ಪಕ್ಕದಲ್ಲಿ ನಿಂತಿದ್ದರೆ ಮಾತ್ರ ಹೇಳಬಲ್ಲೆ. ಬಾ.